ಡ್ರೈವರಿಗೂ ಒಂದು ದರ್ಶನ

ಅರ್ಧ ಆಯುಸ್ಸನ್ನು ಅವನು ಯಾತ್ರೆಯ ಬಸ್ಸಿನ ಸ್ಟೀರಿಂಗ್ ಹಿಡಿದೇ ಸವೆಸಿದ್ದ. ಜನರನ್ನು ಗುಡಿಯ ಬಾಗಿಲವರೆಗೆ ತಲುಪಿಸುವುದು, ಅವರು ಕೈಮುಗಿದು ಬರುವ ತನಕ ಸಾಮಾನು ಕಾಯುವುದು, ಹಿಂದಿನ ಉದ್ದ ಸೀಟಿನಲ್ಲಿ ಒಂದಿಷ್ಟು ಕೋಳಿನಿದ್ದೆ ತೆಗೆಯುವುದು. ಅಷ್ಟು ಗುಡಿ ಸುತ್ತಿಸಿದರೂ ಒಳಗಿನ ದೇವರಿಗೂ ಅವನಿಗೂ ಮುಖಪರಿಚಯವೇ ಇರಲಿಲ್ಲ.

ಮನೆಗೆ ಬಂದರೆ ಹೆಂಡತಿ ಬಿಡುತ್ತಿರಲಿಲ್ಲ. ಸ್ನಾನಕ್ಕೆ ನೀರು ತೋಡುತ್ತಲೇ, "ಒಳಗೆ ಹೇಗಿತ್ತು, ಹೇಳಿ" ಎನ್ನುತ್ತಿದ್ದಳು. ಅವನು ಕಣ್ಣಾರೆ ಕಂಡವನಂತೆ ಕಂಬ ನಿಲ್ಲಿಸಿ, ದೀಪ ಹಚ್ಚಿ, ಬಾಯಲ್ಲೇ ಗುಡಿ ಕಟ್ಟುತ್ತಿದ್ದ. ಅವಳು ಗಲ್ಲಕ್ಕೆ ಕೈಯೂರಿ ಕೇಳುತ್ತಿದ್ದಳು. ಒಮ್ಮೆ ಮಾತ್ರ, "ಹೋದ ಸಲ ಇದೇ ಗುಡಿಗೆ ಎರಡೇ ಬಾಗಿಲಿತ್ತಲ್ರೀ, ಈಗ ನಾಲ್ಕಾಯ್ತಾ?" ಎಂದಳು. ಅವನು ತಡವರಿಸಿದ. ಅವಳು ನಗು ತಡೆಯಲಾರದೆ ಎದ್ದು ಒಳಗೆ ಹೋದಳು. ಆಮೇಲೂ ಅವಳು ಕೇಳುವುದನ್ನು ಬಿಡಲಿಲ್ಲ, ಅವನು ಹೇಳುವುದನ್ನು ಬಿಡಲಿಲ್ಲ.

ಅವಳು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಮಗಳು ಹಟ ಹಿಡಿದು ಅಪ್ಪನನ್ನು ಪರದೇಶ ನೋಡಲು ಕರೆದೊಯ್ದಳು. ಬಹು ಹಳೆಯ ಬೌದ್ಧ ದೇವಾಲಯವೊಂದರ ಮುಂದೆ ಬಸ್ಸು ನಿಂತಿತು. ಎಲ್ಲರೂ ಇಳಿದರು. ಇವನು ಕೂತಲ್ಲಿಂದ ಅಲುಗಲಿಲ್ಲ.

"ಇಳಿಯಪ್ಪ."

"ನೀನು ನೋಡ್ಕೊಂಡು ಬಾಮ್ಮ. ಬ್ಯಾಗು ನಾನು ನೋಡ್ಕೋತೀನಿ."

"ಬ್ಯಾಗು ಕಾಯೋಕೆ ವಿಮಾನ ಹತ್ತಿ ಬಂದ್ಯಾ?"

ಅವನು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಇಳಿದ.

ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗಿತ್ತು. ಯಾರ್‍ಯಾರೋ ತುಳಿದು ಹೊಸ್ತಿಲು ನಡುವೆ ತಗ್ಗಾಗಿತ್ತು. ಗೋಡೆಗೆ ದೀಪದ ಮಸಿ. ಕಣ್ಣು ಅರೆಮುಚ್ಚಿ ಕೂತ ಬುದ್ಧನ ಮೈಮೇಲಿನ ಬಂಗಾರವೆಲ್ಲ ಹೋಗಿ ಒಂದು ಕಿವಿಯ ಹಿಂದೆ ಚೂರು ಉಳಿದಿತ್ತು. ಅವನು ಬಾಯಲ್ಲಿ ಕಟ್ಟಿದ ಗುಡಿಗಳಲ್ಲಿ ಎಲ್ಲವೂ ಥಳಥಳ ಹೊಳೆಯುತ್ತಿದ್ದವು; ಸವೆದದ್ದು ಒಂದೂ ಇರಲಿಲ್ಲ.

ಕಂಬಕ್ಕೆ ಒರಗಿ ಕೂತು ಅವನೆಂದ: "ನಿಮ್ಮಮ್ಮಂಗೆ ಬರೀ ಸುಳ್ಳು ಹೇಳ್ದೆ ಕಣಮ್ಮ. ಅವಳಿಗೂ ಗೊತ್ತಿತ್ತು. ಆದ್ರೂ ಯಾಕೆ ಕೇಳ್ತಿದ್ಲೋ."

ಮಗಳು ಪಕ್ಕದಲ್ಲಿ ಕೂತಳು. "ನಾನೂ ಒಂದ್ಸಲ ಅಮ್ಮನ್ನ ಕೇಳಿದ್ದೆ. 'ನಿಮ್ಮಪ್ಪ ಮಾತು ಕಮ್ಮಿ ಕಣೇ. ಗುಡಿ ವಿಷಯ ತೆಗೆದ್ರೆ ಮಾತ್ರ ನನ್ ಮುಖ ನೋಡ್ಕೊಂಡು ಮಾತಾಡ್ತಾರೆ' ಅಂದ್ಲು."

ಅವನ ಕಣ್ಣು ತುಂಬಿದರೂ ಒರೆಸಿಕೊಳ್ಳಲಿಲ್ಲ.

"ಇನ್ನೇನಂತಿದ್ಲು?" ಎಂದ.

ಮಗಳು ಹೇಳತೊಡಗಿದಳು. ಅಮ್ಮ ಹೋದ ಮೇಲೆ ಮನೆಯಲ್ಲಿ ಇಬ್ಬರೂ ಅವಳ ಮಾತನ್ನೇ ಎತ್ತಿರಲಿಲ್ಲ. ಗೈಡ್ ಬಂದು ಹೊರಡೋಣ ಎಂದು ಸನ್ನೆ ಮಾಡಿದಾಗ ಅವನು ಕೈಯೆತ್ತಿ, ಸ್ವಲ್ಪ ತಾಳಪ್ಪ ಎನ್ನುವಂತೆ ತಡೆದು, ಮಗಳ ಕಡೆ ತಿರುಗಿದ.

"ಹೂಂ, ಆಮೇಲೆ?"