ಬಲಗಡೆಗೂ ಒಂದು ಬಿ

ಟೈಪಿಂಗ್ ಮೇಡಂ ಎಂದರೆ ಬೀದಿಗೆಲ್ಲ ಗೊತ್ತು. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ವರ್ಷಗಟ್ಟಲೆ ಕಲಿಸಿದ್ದು ಒಂದೇ ಪಾಠ: ಯಾವ ಬೆರಳಿಗೆ ಯಾವ ಕೀ ಎಂದಿದೆಯೋ ಆ ಬೆರಳೇ ಅದನ್ನು ಒತ್ತಬೇಕು. ತಪ್ಪಿದ ಬೆರಳಿಗೆ ಪೆನ್ಸಿಲಿನ ಏಟು. ಅದರಲ್ಲಿ ತಮ್ಮವರು, ಹೊರಗಿನವರು ಎಂಬ ಭೇದವಿರಲಿಲ್ಲ. ತಮ್ಮನ ಮಗಳೂ ತಿಂದಿದ್ದಳು.

ಮೇಡಂಗೆ ಮಣಿಕಟ್ಟು ನೋವು ಜಾಸ್ತಿಯಾದಾಗ ಆ ಸೋದರಸೊಸೆಯೇ ಬಿಡಿಭಾಗಗಳನ್ನು ತರಿಸಿ, ಬೆಸುಗೆ ಹಾಕಿ, ಎರಡು ಹೋಳಿನ ಕೀಬೋರ್ಡೊಂದನ್ನು ಮಾಡಿಕೊಟ್ಟಳು. ಎಡಗೈಗೊಂದು ಹೋಳು, ಬಲಗೈಗೊಂದು. ನಡುವೆ ಗೇಣಗಲ ಬರೀ ಮೇಜು.

ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಬಿ ಅಕ್ಷರ ಬಂದಾಗಲೆಲ್ಲ ಅವರ ಬಲಗೈಯ ತೋರುಬೆರಳು ಆ ಖಾಲಿ ಮೇಜನ್ನು ಟಕ್ ಎಂದು ಕುಟ್ಟತೊಡಗಿತು. ಬಿ ಇದ್ದದ್ದು ಎಡ ಹೋಳಿನಲ್ಲಿ. ಹಳೆಯ ಕೀಬೋರ್ಡಿನಲ್ಲಿ ನಡುವೆ ಜಾಗವೇ ಇರಲಿಲ್ಲವಾದ್ದರಿಂದ ಬಲಗೈಯ ಈ ಕಳ್ಳತನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಅತ್ತೆ, ಬಿ ಎಡಗೈದು ಅಂತ ನೀವೇ ಅಲ್ವಾ ನಂಗೆ ಹೊಡೆದಿದ್ದು?"

"ತಲೆಹರಟೆ ಸಾಕು. ನಿನ್ನ ಕೀಬೋರ್ಡೇ ಸರಿಯಿಲ್ಲ. ಯಾವ ಕೀಗೆ ಯಾವ ಅಕ್ಷರ ಬೇಕಾದ್ರೂ ಕೊಡಬಹುದು ಅಂದ್ಯಲ್ಲ, ಬಲಗಡೆಗೂ ಒಂದು ಬಿ ಹಾಕು."

ಸೊಸೆ ನಗು ನುಂಗಿಕೊಂಡು ಕಂಪ್ಯೂಟರಿನಲ್ಲಿ ಏನೇನೋ ಬದಲಿಸಿದಳು. ಬಲ ಹೋಳಿನ ಒಳಅಂಚಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಕೀ ಬಿ ಆಯಿತು. ಮೇಜು ಕುಟ್ಟುವ ಸದ್ದು ನಿಂತಿತು.

ಮರುದಿನ ತರಗತಿಯಲ್ಲಿ ಬಲಗೈಯಿಂದ ಬಿ ಒತ್ತಿದ ಹುಡುಗಿಯ ಬೆರಳಿಗೆ ಎಂದಿನಂತೆ ಪೆನ್ಸಿಲಿನ ಏಟು ಬಿತ್ತು.