ತಾರೀಕು ಬಿಟ್ಟು ಪಾಠ ಕೇಳಿದ ನೇಮಿರಾಜಯ್ಯನವರು

ಅರಸೀಕೆರೆ, ಬೇಲೂರು ಸೀಮೆಯ ರಾತ್ರಿಶಾಲೆಗಳಿಗೆ ಕಂಪ್ಯೂಟರ್ ಪಾಠಗಳನ್ನು ತಂದುಕೊಟ್ಟವರಲ್ಲಿ ಹಳೇಬೀಡಿನ ಶ್ರೀ ನೇಮಿರಾಜಯ್ಯನವರು ಮೊದಲಿಗರು. ಅವರು ನಮ್ಮ ಅಕ್ಷರ ಸಂಘದ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ತಲೆ ನರೆತ ಮೇಲೆ ಅಂಥದೇ ಒಂದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನನಗೂ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

೧೯೯೮ರಲ್ಲಿ ಸಂಘಕ್ಕೆ ಬಂದ ಅವರು, ಪಾಠಗಳಿಗೆ ಧ್ವನಿ ಕೊಡಲು ಪಟ್ಟಣದವರನ್ನು ಹುಡುಕದೆ ಕಣಕಟ್ಟೆಯ ನನ್ನನ್ನು ಆರಿಸಿದರು. "ಕಲಿಯೋರು ನಿಮ್ಮಂಥೋರೇ ಹನುಮಕ್ಕ, ನಿಮ್ಮ ದನಿ ಕೇಳಿದ್ರೆ ಹೆದರಲ್ಲ" ಎಂದರು. ನಮ್ಮೂರ ಶಾಲೆಯ ಕಂಪ್ಯೂಟರಿನ ಮುಂದೆ ಓದಿ ರೆಕಾರ್ಡ್ ಮಾಡಿದ್ದನ್ನು ಸಿ.ಡಿ.ಗೆ ಹಾಕಿಸಿ, ಬಸ್ಸಿನಲ್ಲಿ ಅರಸೀಕೆರೆಯ ಸಂಘದ ಕಚೇರಿಗೆ ಒಯ್ಯುತ್ತಿದ್ದೆ. ಊರೂರಿನ ಪಾಠಗಳನ್ನು ಒಂದುಗೂಡಿಸಲು ಅವರೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನಾಗಿಯೇ ನಡೆಸುವ ಆಜ್ಞೆಗಳ ಪಟ್ಟಿ, ಬರೆದಿದ್ದರು. ಎಲ್ಲವನ್ನೂ ಪ್ರತಿ ಸಲ ಕಾಪಿ ಮಾಡಿದರೆ ಇಡೀ ದಿನ ಹಿಡಿಯುತ್ತದೆಂದು, ತನ್ನಲ್ಲಿರುವ ಫೈಲಿಗಿಂತ ಹೊಸ ತಾರೀಕಿನದು ಬಂದರೆ ಮಾತ್ರ ಅದು ಕಾಪಿ ಮಾಡಿಕೊಳ್ಳುತ್ತಿತ್ತು.

೨೦೦೩ರಲ್ಲಿ ನಾನು ಔಷಧದ ಚೀಟಿಯ ಪಾಠ ಓದುತ್ತಿದ್ದಾಗ, ಶಾಲೆಯ ಪಕ್ಕದಲ್ಲಿ ಕಟ್ಟಿದ್ದ ನಮ್ಮ ಎಮ್ಮೆ ಹಗ್ಗ ಬಿಚ್ಚಿಕೊಂಡಿತು. ನಾನು ಮಗ ಹುಚ್ಚಣ್ಣನನ್ನು ಕೂಗಿದ್ದು ಪಾಠದೊಳಗೇ ಸೇರಿಹೋಯಿತು. ಮುಂದಿನ ತಿಂಗಳು ಮತ್ತೆ ಓದಿ ಒಪ್ಪಿಸಿದೆ. ಆದರೆ ಬೇಲೂರಿನಲ್ಲಿ ನಡೆದ ಸಂಘದ ಸಭೆಯಲ್ಲಿ ಪಾಠ ಕೇಳಿಸಿದಾಗ, "ಊಟವಾದ ಮೇಲೆ ಒಂದು ಮಾತ್ರೆ" ಎಂಬುದರ ಹಿಂದೆಯೇ "ಲೋ ಹುಚ್ಚಣ್ಣ, ಎಮ್ಮೆ ಓಡೋಯ್ತು, ಹಿಡ್ಕಳೋ!" ಎಂದು ನನ್ನದೇ ದನಿ ಬಂತು. ಸಭೆ ಗೊಳ್ಳೆಂದಿತು. ಅಧ್ಯಕ್ಷರಾದ ದೇವೀರಪ್ಪನವರು ನಗಲಿಲ್ಲ.

"ಮಾತ್ರೆ ಯಾರಿಗಮ್ಮ, ಎಮ್ಮೆಗಾ? ಮತ್ತೆ ಓದಿದೀನಿ ಅಂತ ಸುಳ್ಳು ಬೇರೆ. ಇನ್ಮೇಲೆ ಬೇರೆಯೋರ ಕೈಲಿ ಓದಿಸ್ರೀ" ಎಂದರು.

"ಓದಿದೀನಿ ಸ್ವಾಮಿ" ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೇಮಿರಾಜಯ್ಯನವರು ಮಾತ್ರ "ಒಂದ್ ಗಳಿಗೆ ತಡೀರಿ ಸಾರ್" ಎಂದು, ನಾನು ತಂದುಕೊಟ್ಟಿದ್ದ ಸಿ.ಡಿ.ಯನ್ನೇ ಹಾಕಿ ಕೇಳಿಸಿದರು. ಎಮ್ಮೆಯ ಸುದ್ದಿಯಿಲ್ಲದ ಪಾಠ ಅಲ್ಲಿತ್ತು. ಅದರ ತಾರೀಕು ಮಾತ್ರ ೧೯೮೦! ಆ ನಡುವೆ ನಮ್ಮೂರ ಕಂಪ್ಯೂಟರಿನೊಳಗಿನ ಸೆಲ್ ಸತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ೧೯೮೦ಕ್ಕೇ ಹಿಂದಿರುಗುತ್ತಿತ್ತಂತೆ. ಹೊಸ ಪಾಠವನ್ನು ಹಳೆಯದೆಂದು ಬಗೆದು ಸ್ಕ್ರಿಪ್ಟ್ ಬಿಟ್ಟುಬಿಟ್ಟಿತ್ತು.

"ಅಕ್ಕ ಸುಳ್ಳಾಡಿಲ್ಲ. ತಪ್ಪು ನಂದು, ಬರೀ ತಾರೀಕು ನಂಬಿದೆ" ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿದರು. ಆ ವಾರವೇ ಸ್ಕ್ರಿಪ್ಟನ್ನು ತಿದ್ದಿದರು: ತಾರೀಕು ಏನೇ ಇರಲಿ, ಫೈಲಿನ ಒಳಗಿನದು ಬೇರೆಯಾಗಿದ್ದರೆ ಕಾಪಿ ಮಾಡು, ಅದೇ ಆಗಿದ್ದರೆ ಬಿಡು. ಕಣಕಟ್ಟೆಗೆ ಬಂದು ಹೊಸ ಸೆಲ್ಲನ್ನೂ ತಾವೇ ಹಾಕಿಹೋದರು. ದೇವೀರಪ್ಪನವರು ಪಾಠವನ್ನು ಇನ್ನೊಮ್ಮೆ ಕೇಳಿ, "ಅಮ್ಮನೇ ಓದ್ಲಿ ಬಿಡ್ರೀ, ಎಮ್ಮೆ ಒಂದು ದೂರ ಕಟ್ಲಿ" ಎಂದರು.

ಇಂಥ ಹಿರಿಯರಿಗೆ ಆಯುಸ್ಸು, ಆರೋಗ್ಯ ತುಂಬಿಬರಲಿ, ಕೆಲಸಕ್ಕೆ ಹಚ್ಚಿದ ಕೈ ಹಾಗೇ ಇರಲಿ ಎಂದು ಬೇಡುತ್ತೇನೆ. ನಿವೃತ್ತಿಯ ಮಾರನೆಯ ವಾರವೇ ಅರೇಹಳ್ಳಿಯ ರಾತ್ರಿಶಾಲೆಗೆ ಹೊಸ ಪಾಠ ಮಾಡಿಕೊಡಲು ಅವರು ಒಪ್ಪಿದ್ದಾರೆ. ಓದುವವರು ಯಾರು ಎಂದು ಅಲ್ಲಿಯವರು ವಿಚಾರಿಸಿದಾಗ, ನನ್ನನ್ನೊಂದು ಮಾತು ಕೇಳುವ ಮೊದಲೇ ನನ್ನ ಹೆಸರು ಹೇಳಿಬಿಟ್ಟಿದ್ದಾರೆ.