ಕರಿಬೇವಿನ ಔಷಧಿಗೊಂದು ವಿಚಾರಣೆ

"ಬೆಹನ್‌ಜೀ, ಮೊದಲು ಗಿಡ ತೋರಿಸಿ," ಎಂದರು ದಿಲ್ಲಿಯ ರೋಹಿಣಿ ಬಡಾವಣೆಯ ಬೀಜ, ಗೊಬ್ಬರದ ಅಂಗಡಿಯ ಮುದುಕರು. ನಾನು ಕೇಳಿದ್ದು ಬಾಲ್ಕನಿಯ ಕರಿಬೇವಿಗೆ ಕೀಟನಾಶಕ. ಮನೆಯಲ್ಲಿದ್ದ ಯಜಮಾನರಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಕುಂಡವನ್ನು ಮಗುವಿನಂತೆ ಎತ್ತಿಹಿಡಿದು ಹುಳು ತೋರಿಸಿದರು.

"ಅಚ್ಛಾ. ಮನೇಲಿ ಜಗಳವೇನೂ ಇಲ್ಲ ತಾನೆ?" ಎಂದರು ಮುದುಕರು.

"ಬೆಳಿಗ್ಗೆ ಸಾರಿಗೆ ಉಪ್ಪು ಜಾಸ್ತಿ ಅಂತ ಸ್ವಲ್ಪ ಆಯ್ತು," ಎಂದರು ಯಜಮಾನರು, ಪ್ರಾಮಾಣಿಕವಾಗಿ.

ಮುದುಕರ ಕೈಲಿದ್ದ ಔಷಧಿ ಬಾಟಲಿ ತಕ್ಷಣ ಕಪಾಟು ಸೇರಿತು, ಬೀಗವೂ ಬಿತ್ತು. ನಾನು ರೇಗಿದೆ.

ಮುದುಕರು ತಗ್ಗಿದ ದನಿಯಲ್ಲಿ ಹೇಳಿದರು: "ಹೋದ ವರ್ಷ ಒಬ್ಬ ಹುಡುಗಿ ಗುಲಾಬಿಗೆ ಅಂತ ನಗುತ್ತಲೇ ಒಯ್ದಳು. ಮನೇಲಿ ಗಿಡವೇ ಇರಲಿಲ್ಲ. ಅವಳು ಉಳೀಲಿಲ್ಲ. ನೀವು ನಾಳೆ ಬನ್ನಿ."

ಬರಿಗೈಯಲ್ಲಿ ಮರಳಿದೆ. ಗುರುತು ಪರಿಚಯವಿಲ್ಲದವರೊಬ್ಬರು ನಾನು ಬದುಕಿರಲೆಂದು ವ್ಯಾಪಾರ ಬಿಟ್ಟದ್ದು, ನನ್ನ ಇಷ್ಟು ವರ್ಷಗಳ ದಿಲ್ಲಿ ವಾಸದಲ್ಲಿ ಅದೇ ಮೊದಲು.